ಪುಸ್ತಕವೂ ಕಡಲದಂಡೆಯೂ

ದೀಪಾವಳಿಯ ರಜೆ ಮುಗಿದು ಶಾಲೆ ತೆರೆದ ವಾರದಲ್ಲಿ ಎಂಟನೆಯ ಮತ್ತು ಒಂಬತ್ತನೆಯ ಇಯತ್ತೆಯ ವಿದ್ಯಾರ್ಥಿಗಳಿಗೆ ‘ರಜೆಯಲ್ಲಿ ನಾನು ಪಡೆದ ಆನಂದ’ ಎಂಬ ವಿಷಯದ ಮೇಲೆ ಪ್ರಬಂಧ ಬರೆಯಲು ಹೇಳಿದ್ದೆವು. ನಲವತ್ತೆರಡು ವಹಿಗಳು ಬಂದವು. ಅವುಗಳಲ್ಲಿ ಹನ್ನೊಂದು ಸಮುದ್ರತೀರದ ಪ್ರವಾಸವನ್ನು ಕುರಿತವು. ಕರಾವಳಿಯಲ್ಲಿ ಹುಟ್ಟಿ ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದ ನಮಗೆ ಇದರಿಂದ ಸಂತೋಷವೇ ಆಯಿತೆಂದು ಮೊದಲೇ ಒಪ್ಪಿಕೊಳ್ಳುತ್ತೇವೆ. ಆದರೆ ತಿದ್ದುತ್ತ ಹೋದಂತೆ ಆ ಸಂತೋಷ ಇಳಿಯಿತು. ತಿಂದ ತಿಂಡಿಯ ಪಟ್ಟಿ, ಉಳಿದುಕೊಂಡ ಕೋಣೆಯ ವರ್ಣನೆ, ತೆಗೆದ ಛಾಯಾಚಿತ್ರಗಳ ಸಂಖ್ಯೆ ಇವೆಲ್ಲ ಸವಿಸ್ತಾರವಾಗಿ ಬಂದಿದ್ದವು. ಸಮುದ್ರಕ್ಕೆ ಮಾತ್ರ ಒಂದೇ ವಾಕ್ಯ. ‘ಸಮುದ್ರವು ಬಹಳ ಸುಂದರವಾಗಿತ್ತು.’ ಹನ್ನೊಂದರಲ್ಲಿ ಒಂಬತ್ತು ವಹಿಗಳಲ್ಲಿ ಇದೇ ವಾಕ್ಯ. ಪುಸ್ತಕದ ಹೆಸರಂತೂ ನಲವತ್ತೆರಡರಲ್ಲಿ ಒಂದರಲ್ಲೂ ಇರಲಿಲ್ಲ.

ಒಬ್ಬ ಬಾಲಕ ಮಾತ್ರ ಬೇರೆ ರೀತಿಯಲ್ಲಿ ಬರೆದಿದ್ದ. ‘ನಾವು ಹೋದ ದಂಡೆಯಲ್ಲಿ ಫೋನಿಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಜನರೂ ಇರಲಿಲ್ಲ. ಆದ್ದರಿಂದ ಎರಡು ದಿನ ನನಗೆ ಬಹಳ ಬೇಸರವಾಯಿತು.’ ಈ ವಹಿಗೆ ನಾವು ಎಲ್ಲಕ್ಕಿಂತ ಹೆಚ್ಚು ಅಂಕಗಳನ್ನು ಕೊಟ್ಟೆವು. ಉಳಿದವರ ಆನಂದ ಎರವಲು ತಂದದ್ದು. ಇವನ ಬೇಸರವಾದರೋ ಸ್ವಂತದ್ದು. ಅಂಕ ಕೊಟ್ಟರೆ ಸಾಲದು, ಉತ್ತರವನ್ನೂ ಕೊಡಬೇಕೆಂದು ತೋರಿದ್ದರಿಂದ, ವಾರ್ಷಿಕ ಸಂಚಿಕೆಗೆ ಏನಾದರೂ ಬರೆಯಿರೆಂದು ಸಂಪಾದಕ ಮಂಡಳಿಯವರು ಕೇಳಿದಾಗ ಈ ವಿಷಯವನ್ನೇ ಆರಿಸಿಕೊಂಡೆವು. ನಿರ್ಜನವಾದ ಕಡಲದಂಡೆ ಮತ್ತು ಅಚ್ಚಾದ ಪುಸ್ತಕ ಇವೆರಡೂ ಒಂದೇ ಬಗೆಯ ಸುಖವನ್ನು ಕೊಡುತ್ತವೆ ಎಂಬುದು ನಮ್ಮ ಮತ. ಆ ಸುಖದ ಬಾಗಿಲಲ್ಲಿ ಮೊದಲು ಎದುರಾಗುವುದು ಈ ಹುಡುಗನು ಕಂಡ ಬೇಸರವೇ. ಅವನು ಬಾಗಿಲವರೆಗೆ ಹೋಗಿದ್ದ. ಒಳಗೆ ಹೋಗುವಷ್ಟು ಹೊತ್ತು ನಿಲ್ಲಲಿಲ್ಲ, ಅಷ್ಟೆ.

ನಮ್ಮ ಊರು ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲೂಕಿನ ಒಂದು ಸಣ್ಣ ಹಳ್ಳಿ. ಶಾಲೆಯ ಗ್ರಂಥಾಲಯವೆಂದರೆ ಹೆಡ್‌ಮಾಸ್ತರರ ಕೋಣೆಯಲ್ಲಿದ್ದ ಒಂದು ಕಬ್ಬಿಣದ ಪೆಟ್ಟಿಗೆ. ಏಳನೆಯ ಇಯತ್ತೆಯಲ್ಲಿದ್ದಾಗ ಆ ಪೆಟ್ಟಿಗೆಯಿಂದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ನಮ್ಮ ಕೈಗೆ ಬಂತು. ಆ ವಯಸ್ಸಿಗೆ ಅದು ಭಾರವಾದ ಪುಸ್ತಕ. ಎತ್ತುವುದಕ್ಕೂ ಭಾರ, ತಿಳಿಯುವುದಕ್ಕೂ ಭಾರ. ಮನೆಯಲ್ಲಿ ಓದಲು ಕುಳಿತರೆ ಆಯಿ ಏನಾದರೊಂದು ಕೆಲಸ ಹೇಳುತ್ತಿದ್ದಳು. ಆದ್ದರಿಂದ ದಂಡೆಗೆ ಹೋಗಿ ಗಾಳಿಮರದ ನೆರಳಿನಲ್ಲಿ ಓದುತ್ತಿದ್ದೆವು. ಮೂರು ತಲೆಮಾರುಗಳ ಕತೆ. ಅದರಲ್ಲಿ ಬರುವ ಮಳೆ, ಮರಳು, ಸಮುದ್ರದ ಮೊರೆತ ನಮ್ಮ ಸುತ್ತಲೂ ಇದ್ದವೇ. ಪುಸ್ತಕದಲ್ಲಿಯೂ ಅಲೆ, ಹೊರಗೂ ಅಲೆ. ಯಾವ ಶಬ್ದ ಯಾವ ಕಡೆಯದೆಂಬುದೇ ಕೆಲವೊಮ್ಮೆ ಮರೆತುಹೋಗುತ್ತಿತ್ತು.

ಒಂದು ಸಂಜೆ ಪುಸ್ತಕವನ್ನು ಬಂಡೆಯ ಮೇಲಿಟ್ಟು, ಬಲೆ ಎಳೆಯುವವರಿಗೆ ಕೈಗೂಡಿಸಲು ಓಡಿದೆವು. ಮರಳಿ ಬರುವಷ್ಟರಲ್ಲಿ ಭರತದ ನೀರು ಬಂಡೆಯನ್ನು ಏರಿತ್ತು. ಪುಸ್ತಕವಿಲ್ಲ. ರಟ್ಟು ಮಾತ್ರ ಮರುದಿನ ಅರ್ಧ ಮೈಲು ದೂರದಲ್ಲಿ ಸಿಕ್ಕಿತು. ಅದನ್ನೇ ಕೈಯಲ್ಲಿ ಹಿಡಿದುಕೊಂಡು ಹೆಡ್‌ಮಾಸ್ತರರ ಮುಂದೆ ನಿಂತೆವು. ಅವರು ಹೊಡೆಯಲಿಲ್ಲ. “ತಮಾ, ಎಲ್ಲಿಯವರೆಗೆ ಓದಿದ್ದೆ?” ಎಂದು ಕೇಳಿದರು. ಮುಕ್ಕಾಲು ಪಾಲು ಓದಿದ್ದೇನೆಂದೆವು. “ಹಾಗಾದರೆ ಉಳಿದ ಕಾಲು ಪಾಲಿಗೆ ನೀನೇ ದಂಡ ತೆರಬೇಕು” ಎಂದರು. ಆ ಬೇಸಗೆ ಗೇರುಬೀಜ ಹೆಕ್ಕಿ ಮಾರಿದ ಹಣ ಪೆಟ್ಟಿಗೆಗೆ ಹೋಯಿತು. ಆದರೆ ಕತೆಯ ಕೊನೆ ತಿಳಿಯಲು ಹನ್ನೆರಡು ವರ್ಷ ಕಾಯಬೇಕಾಯಿತು. ಮುಂಬಯಿಗೆ ಬಂದ ಹೊಸತರಲ್ಲಿ, ಮಾಟುಂಗಾದಲ್ಲಿ ಕಾಲುದಾರಿಯ ಬದಿಯ ಹಳೆಯ ಪುಸ್ತಕಗಳ ರಾಶಿಯಲ್ಲಿ, ಇಂಗ್ಲಿಷ್ ಕಾದಂಬರಿಗಳ ಕೆಳಗೆ ಅದರ ಒಂದು ಪ್ರತಿ ಕಾಣಿಸಿತು. ಅಲ್ಲಿಯೇ ನಿಂತು ಕೊನೆಯ ಅಧ್ಯಾಯಗಳನ್ನು ಓದತೊಡಗಿದೆವು. ಅಂಗಡಿಯವನು ಎರಡು ಸಲ ಕೆಮ್ಮಿದ ಮೇಲೆ ಕೊಂಡುಕೊಂಡೆವು.

ಇಂದಿನ ವಿದ್ಯಾರ್ಥಿ ಇದನ್ನು ಕೇಳಿ ನಗಬಹುದು. ಹನ್ನೆರಡು ವರ್ಷವೇಕೆ, ಹನ್ನೆರಡು ಕ್ಷಣದಲ್ಲಿ ಫೋನಿನಲ್ಲಿ ಸಿಗುತ್ತಿರಲಿಲ್ಲವೆ ಎಂದು. ಅಂತರ್ಜಾಲವನ್ನು ನಿಂದಿಸಿ ಹಿರಿತನ ಗಳಿಸುವ ಉದ್ದೇಶ ನಮಗಿಲ್ಲ. ಅಂಗಡಿಗಳಲ್ಲಿ ಎಂದೋ ಮುಗಿದುಹೋದ ಎಷ್ಟೋ ಕನ್ನಡ ಗ್ರಂಥಗಳ ಛಾಯಾಪ್ರತಿಗಳು ಇಂದು ಮನೆಯಲ್ಲಿ ಕುಳಿತೇ ದೊರೆಯುತ್ತವೆ. ಪಾಠದ ಸಿದ್ಧತೆಗಾಗಿ ನಾವೂ ಅವನ್ನು ನೋಡುತ್ತೇವೆ. ಕಣ್ಣು ಮಂದವಾದ ಹಿರಿಯರು ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಂಡು ಓದುವುದನ್ನು ಕಂಡು, ಇದಕ್ಕಿಂತ ದೊಡ್ಡ ಉಪಕಾರವುಂಟೆ ಎನಿಸಿದೆ. ಹುಡುಕುವುದಕ್ಕೆ ಫೋನು ಒಳ್ಳೆಯದು. ನಮ್ಮ ತಕರಾರು ನೆಲೆಸುವ ವಿಷಯದಲ್ಲಿ. ಫೋನಿನ ಪುಟದಲ್ಲಿ ಓದುತ್ತಿರುವಾಗಲೇ ಯಾರದೋ ಹುಟ್ಟುಹಬ್ಬದ ಸುದ್ದಿ, ಎಲ್ಲಿಯದೋ ಕ್ರಿಕೆಟ್ಟಿನ ಅಂಕ, ಯಾವುದೋ ಅಂಗಡಿಯ ಕರೆ ಬಂದು ಬಾಗಿಲು ತಟ್ಟುತ್ತವೆ. ಅದು ಚರ್ಚ್‌ಗೇಟಿನ ನಿಲ್ದಾಣದಲ್ಲಿ ನಿಂತು ಓದಿದ ಹಾಗೆ. ಓದಬಹುದು, ಎಷ್ಟೋ ಜನ ಓದುತ್ತಾರೆ. ಆದರೆ ಒಂದು ಕಣ್ಣು ಗಾಡಿಯ ಮೇಲೆಯೇ ಇರುತ್ತದೆ.

ಅಚ್ಚಾದ ಪುಸ್ತಕಕ್ಕೆ ಒಂದು ಮೈ ಉಂಟು. ಎಡಗೈಯಲ್ಲಿ ಓದಿದ್ದು, ಬಲಗೈಯಲ್ಲಿ ಓದಬೇಕಾದ್ದು; ಎಷ್ಟು ದೂರ ಬಂದೆವೆಂದು ಬೆರಳೇ ಹೇಳುತ್ತದೆ. ಹಳೆಯ ಮೊಳೆಯಚ್ಚಿನ ಪುಸ್ತಕವಾದರೆ ಹಾಳೆಯ ಹಿಂಬದಿಯನ್ನು ಮೆಲ್ಲನೆ ಸವರಿ ನೋಡಿರಿ. ಸೀಸದ ಮೊಳೆ ಒತ್ತಿದ ಗುರುತು ಕೈಗೆ ಹತ್ತುತ್ತದೆ. ಕನ್ನಡದ ಮೊಳೆ ಜೋಡಿಸುವುದು ಸುಲಭದ ಕೆಲಸವಾಗಿರಲಿಲ್ಲ. ಕಾಗುಣಿತ ಬೇರೆ, ಒತ್ತಕ್ಷರ ಬೇರೆ. ಒಂದೊಂದು ಅಕ್ಷರವನ್ನೂ ಗೂಡಿನಿಂದ ಆರಿಸಿ, ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಓದುತ್ತ, ಸಾಲು ಕಟ್ಟಬೇಕಾಗಿತ್ತು. ಇಷ್ಟಾದ ಮೇಲೂ ತಪ್ಪುಳಿದರೆ ಕೊನೆಯಲ್ಲಿ ಒಪ್ಪೋಲೆಯನ್ನು ಅಂಟಿಸುತ್ತಿದ್ದರು. ಇಂಥ ಪುಟದ ಇಂಥ ಸಾಲಿನಲ್ಲಿ ಇಂಥ ತಪ್ಪಾಗಿದೆ, ತಿದ್ದಿ ಓದಿಕೊಳ್ಳಬೇಕು ಎಂದು. ಈ ಒಪ್ಪೋಲೆಯನ್ನು ಕಂಡರೆ ನಮಗೆ ಬಹಳ ಪ್ರೀತಿ. ಪುಸ್ತಕ ತನ್ನ ತಪ್ಪನ್ನು ಗುಟ್ಟಾಗಿ ಅಳಿಸಿಕೊಳ್ಳಲಾರದು, ಎಲ್ಲರೆದುರು ಒಪ್ಪಿಕೊಳ್ಳಬೇಕು. ಗಣಿತದ ಉತ್ತರವನ್ನು ಬೆರಳಿನಿಂದ ಉಜ್ಜಿ ತಿದ್ದುವ ವಿದ್ಯಾರ್ಥಿಗಳು ಗಮನಿಸಿಯಾರು.

ಕನ್ನಡದ ಅಚ್ಚಿಗೂ ಕಡಲಿಗೂ ಹಳೆಯ ನಂಟಿದೆ. ಕನ್ನಡದ ಮೊದಲ ವೃತ್ತಪತ್ರಿಕೆಯೆನಿಸಿದ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೋಗ್ಲಿಂಗರು 1843ರ ಜುಲೈ 1ರಂದು ಹೊರತಂದದ್ದು ಸಮುದ್ರದ ಪಕ್ಕದ ಮಂಗಳೂರಿನಲ್ಲಿ. ಅದು ಕಲ್ಲಚ್ಚಿನಲ್ಲಿ ಮೂಡಿದ ಪತ್ರಿಕೆ. ಫರ್ಡಿನಂಡ್ ಕಿಟೆಲ್ಲರ ಮಹಾನಿಘಂಟು 1894ರಲ್ಲಿ ಪ್ರಕಟವಾದದ್ದೂ ಅದೇ ಊರಿನ ಬಾಸೆಲ್ ಮಿಶನ್ನಿನ ಮುದ್ರಣಾಲಯದಿಂದ. ಉಪ್ಪುಗಾಳಿಗೂ ಕಾಗದಕ್ಕೂ ಆಗಿಬರುವುದಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆಯ ಮನೆಗಳಲ್ಲಿ ಪುಸ್ತಕ ಬೂಸಲು ಹಿಡಿದು, ಬಿಸಿಲು ಬಂದ ದಿನ ಹಪ್ಪಳದ ಪಕ್ಕದಲ್ಲಿ ಒಣಗಲು ಕೂರುತ್ತದೆ. ಆದರೂ ಆ ದಂಡೆಯಲ್ಲಿಯೇ ನಮ್ಮ ಅಕ್ಷರಗಳು ಅಚ್ಚಿಗೆ ಹತ್ತಿದವೆಂಬುದು ಸೋಜಿಗ.

ಈಗ ದಂಡೆಯ ಮಾತು. ದೂರದ ಕಡಲತೀರಕ್ಕೆ ಹೋಗುವುದನ್ನು ಇಂದಿನ ಜಾಹೀರಾತುಗಳು ‘ಎಲ್ಲವನ್ನೂ ಬಿಟ್ಟು ಓಡಿಹೋಗುವುದು’ ಎಂಬ ಅರ್ಥದಲ್ಲಿ ಹೊಗಳುತ್ತವೆ. ಪುಸ್ತಕ ಓದುವವನನ್ನೂ ಕೆಲವರು ಲೋಕ ಮರೆತವನೆಂದು ಹಂಗಿಸುವುದುಂಟು. ಈ ಎರಡೂ ಮಾತುಗಳನ್ನು ನಾವು ಒಪ್ಪುವುದಿಲ್ಲ. ಒಪ್ಪದಿರುವುದಕ್ಕೆ ಕಾರವಾರದಲ್ಲಿ ನಡೆದ ಒಂದು ಸಂಗತಿಯೇ ಸಾಕು. ಸತ್ಯೇಂದ್ರನಾಥ ಠಾಕೂರರು ಇಂಡಿಯನ್ ಸಿವಿಲ್ ಸರ್ವಿಸಿಗೆ ಸೇರಿದ ಮೊದಲ ಭಾರತೀಯರು. ಅವರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಅವರ ತಮ್ಮ ರವೀಂದ್ರನಾಥರು ಅಲ್ಲಿಗೆ ಬಂದು ನಿಂತರು. 1883ರ ಸುಮಾರು, ರವೀಂದ್ರರಿಗೆ ಆಗ ಇಪ್ಪತ್ತೆರಡರ ವಯಸ್ಸು. ಕಾರವಾರ ಅಂದು ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ, ಸದ್ದಿಲ್ಲದ ಪುಟ್ಟ ಬಂದರು. ಅರ್ಧಚಂದ್ರಾಕಾರದ ದಂಡೆ, ಅದರ ಉದ್ದಕ್ಕೂ ಗಾಳಿಮರಗಳ ತೋಪು, ಒಂದು ತುದಿಯಲ್ಲಿ ಕಾಳಿ ನದಿ. ಬೆಳುದಿಂಗಳಲ್ಲಿ ದೋಣಿಯೇರಿ ನದಿಯಲ್ಲಿ ಹೋಗಿ, ಮರಳಿ ಬರುವಾಗ ಮರಳಿನ ಮೇಲೆ ನಡೆದು ಬಂದುದನ್ನು ಅವರು ತಮ್ಮ ನೆನಪುಗಳಲ್ಲಿ ಬರೆದಿಟ್ಟಿದ್ದಾರೆ. ಇಂಥ ಏಕಾಂತದಲ್ಲಿ ಅವರು ಬರೆದದ್ದೇನು? ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕ. ಎಲ್ಲ ಬಂಧನಗಳನ್ನೂ ಕಡಿದುಕೊಂಡು ಲೋಕವನ್ನು ಗೆದ್ದೆನೆಂದುಕೊಂಡ ಒಬ್ಬ ಸನ್ಯಾಸಿ. ಅವನನ್ನು ಒಬ್ಬ ಅನಾಥ ಬಾಲಿಕೆಯ ಪ್ರೀತಿ ಮತ್ತೆ ಮನುಷ್ಯರ ನಡುವೆ ಎಳೆದು ತರುತ್ತದೆ. ಲೋಕದಿಂದ ಅಷ್ಟು ದೂರದ ದಂಡೆಯಲ್ಲಿ ಕುಳಿತ ತರುಣನು ಲೋಕವನ್ನು ಬಿಟ್ಟೋಡಬಾರದೆಂಬ ನಾಟಕವನ್ನು ಬರೆದ! ಇಂದು ಆ ದಂಡೆಗೆ ರವೀಂದ್ರರ ಹೆಸರೇ ಇದೆ. ಅಲ್ಲಿ ಚುರುಮುರಿ ತಿಂದು ಬರುವವರಲ್ಲಿ ಎಷ್ಟು ಜನಕ್ಕೆ ಈ ನಾಟಕದ ಸುದ್ದಿ ಗೊತ್ತೆಂದು ಕೇಳುವುದು ಅಧ್ಯಾಪಕರ ಕೆಟ್ಟ ಚಾಳಿ, ಬಿಡೋಣ.

ಇನ್ನೊಂದು ಉದಾಹರಣೆ ನಮ್ಮ ಮುಂಬಯಿಯ ಮಗ್ಗುಲಲ್ಲೇ ಇದೆ. 1930ರಲ್ಲಿ ಸಲೀಂ ಅಲಿಯವರು ಜರ್ಮನಿಯಲ್ಲಿ ಪಕ್ಷಿಶಾಸ್ತ್ರ ಕಲಿತು ಮರಳಿದಾಗ ಅವರಿಗೆ ಕೆಲಸವಿರಲಿಲ್ಲ. ಅಲಿಬಾಗದ ಹತ್ತಿರದ ಕಿಹೀಮ್ ಎಂಬ ಕಡಲತೀರದ ಹಳ್ಳಿಗೆ ಹೋಗಿ ಉಳಿದರು. ಅಲ್ಲಿ ಗೀಜಗದ ಹಕ್ಕಿಗಳು ಗೂಡು ಕಟ್ಟುತ್ತಿದ್ದವು. ಬೇರೆಯವರಾದರೆ ಒಂದು ಚಿತ್ರ ತೆಗೆದು ಮುಂದೆ ಹೋಗುತ್ತಿದ್ದರೇನೋ. ಅವರು ದಿನಗಟ್ಟಲೆ ಕುಳಿತು ನೋಡಿದರು. ಗೂಡು ನೇಯುವುದು ಗಂಡು. ಗೂಡು ಅರ್ಧವಾದಾಗ ಹೆಣ್ಣು ಬಂದು ಪರೀಕ್ಷಿಸಿ, ಒಪ್ಪಿಗೆಯಾದರೆ ನೆಲೆಸುತ್ತದೆ. ಆಮೇಲೆ ಗಂಡು ಆ ಗೂಡನ್ನು ಮುಗಿಸಿ ಇನ್ನೊಂದು ಗೂಡಿಗೆ ತೊಡಗಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಹಳ್ಳಿಯವರೆಲ್ಲರ ಕಣ್ಣೆದುರಿಗಿದ್ದ ಈ ವ್ಯವಹಾರವನ್ನು ತಾಳ್ಮೆಯಿಂದ ನೋಡಿ ಬರೆದದ್ದೇ ಅವರಿಗೆ ಹೆಸರು ತಂದಿತು. ಭಾರತದ ಹಕ್ಕಿಗಳನ್ನು ಕುರಿತ ಅವರ ಪ್ರಸಿದ್ಧ ಪುಸ್ತಕ 1941ರಲ್ಲಿ ಅಚ್ಚಾಯಿತು. ಗೇಟ್‌ವೇಯಿಂದ ಮಾಂಡವಾದ ದೋಣಿಯಲ್ಲಿ ಕುಳಿತರೆ ಆ ಹಳ್ಳಿ ಇಂದಿಗೂ ಅರ್ಧ ದಿನದ ದಾರಿ. ಬೇಸರದ ವಹಿ ಬರೆದ ಬಾಲಕನಿಗೆ ನಾವು ಹೇಳುವುದು ಇದನ್ನೇ: ಸಲೀಂ ಅಲಿಯವರಿಗೂ ಮೊದಲ ಎರಡು ದಿನ ಹಕ್ಕಿಗಳೆಲ್ಲ ಒಂದೇ ತರಹ ಕಂಡಿರಬಹುದಲ್ಲವೆ?

ಆದರೆ ಇಲ್ಲೊಂದು ತೊಡಕಿದೆ. ಎಲ್ಲರೂ ಏಕಾಂತವನ್ನು ಹುಡುಕಿಕೊಂಡು ಒಂದೇ ಕಡೆ ಹೋದರೆ ಅಲ್ಲಿ ಏಕಾಂತ ಉಳಿಯುವುದಿಲ್ಲ. ಗೋಕರ್ಣದ ದಕ್ಷಿಣಕ್ಕೆ ಗುಡ್ಡದ ಕಾಲುದಾರಿಯಲ್ಲಿ ಒಂದರ ಹಿಂದೊಂದು ಸಣ್ಣ ಸಣ್ಣ ದಂಡೆಗಳಿವೆ. ಕುಡ್ಲೆ, ಆಮೇಲೆ ಓಂಕಾರದ ಆಕಾರದ ಓಂ ತೀರ, ಅದರಾಚೆ ಇನ್ನೂ ಎರಡು. ನಾವು ಬಾಲ್ಯದಲ್ಲಿ ಕಂಡ ಆ ದಾರಿಯಲ್ಲಿ ಕೇದಗೆಯ ಮೆಳೆಗಳು ಮತ್ತು ಏಡಿಗಳು ಹೆಚ್ಚು, ಮನುಷ್ಯರು ಕಡಿಮೆ. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾಗಿ ತೆರೆದದ್ದರಿಂದ ನಮ್ಮಂಥವರಿಗೆ ಊರು ಒಂದು ರಾತ್ರಿಯ ದೂರಕ್ಕೆ ಬಂತು. ಅದಕ್ಕೆ ನಾವು ಋಣಿಗಳು. ಆದರೆ ಅದೇ ದಾರಿಯಲ್ಲಿ ಬಾಟಲಿ, ಚೀಲ, ರಾತ್ರಿಯ ದೀಪ, ಗದ್ದಲಗಳೂ ಬಂದವು. ಚಳಿಗಾಲದಲ್ಲಿ ಈ ಮರಳಿಗೆ ಕಡಲಾಮೆಗಳು ಬರುತ್ತವೆ. ಒಂದೊಂದು ತಾಯಿ ರಾತ್ರಿಯಲ್ಲಿ ಗುಂಡಿ ತೋಡಿ ನೂರರಷ್ಟು ಮೊಟ್ಟೆಗಳನ್ನಿಟ್ಟು ಹೋಗುತ್ತದೆ. ಏಳೆಂಟು ವಾರಗಳಲ್ಲಿ ಹೊರಬರುವ ಮರಿಗಳು ಸಮುದ್ರದ ಮೇಲಿನ ಬೆಳಕನ್ನು ನಂಬಿ ನೀರಿನ ಕಡೆಗೆ ಹರಿಯುತ್ತವೆ. ದಂಡೆಯ ಮೇಲೆ ದೀಪಗಳಿದ್ದರೆ ದಾರಿ ತಪ್ಪಿ ಊರ ಕಡೆಗೆ ಹರಿಯುತ್ತವೆ. ರತ್ನಾಗಿರಿ ಜಿಲ್ಲೆಯ ವೇಳಾಸ ಗ್ರಾಮದವರು ಈ ಮೊಟ್ಟೆಗಳನ್ನು ಕಾಯ್ದು ಮರಿಗಳನ್ನು ನೀರಿಗೆ ಬಿಡುತ್ತಾರೆ. ಅದನ್ನು ನೋಡಲು ಜನ ಹೋಗುತ್ತಾರೆ, ಸದ್ದಿಲ್ಲದೆ ನಿಂತು ನೋಡುತ್ತಾರೆ. ಹೀಗೆ ನೋಡಲು ಬರುವವರೂ ಇರುವಾಗ ಎಲ್ಲ ಪ್ರವಾಸಿಗಳನ್ನೂ ಒಂದೇ ಮಾತಿನಲ್ಲಿ ಬಯ್ಯುವುದು ನ್ಯಾಯವಲ್ಲ. ದಂಡೆಗೆ ಹೋದಾಗ ಪುಸ್ತಕ ಓದುವವನಂತೆ ಹೋಗಬೇಕು. ಗ್ರಂಥಾಲಯದ ಪುಸ್ತಕದ ಹಾಳೆ ಮಡಿಸುವುದಿಲ್ಲ, ಚಿತ್ರ ಹರಿದುಕೊಳ್ಳುವುದಿಲ್ಲ, ಮುಂದೆ ಇನ್ನೊಬ್ಬರು ಓದಬೇಕೆಂದು ನೆನಪಿಡುತ್ತೇವಲ್ಲ, ಹಾಗೆ. ಸಮುದ್ರಕ್ಕೆ ಇಳಿಯುವ ಮೊದಲು ಅಲ್ಲಿನ ಮೀನುಗಾರರನ್ನು ಕೇಳುವುದನ್ನೂ ಮರೆಯಬಾರದು. ಮೇಲೆ ಶಾಂತವಾಗಿ ಕಾಣುವ ನೀರಿನ ಕೆಳಗಿನ ಸೆಳೆತ ಅವರಿಗೆ ಗೊತ್ತು.

ಈ ಎಲ್ಲ ಮಾತು ಹಣವಿದ್ದವರಿಗಾಯಿತು, ನಮ್ಮ ಗತಿಯೇನು ಎಂದು ಕೇಳುವ ವಿದ್ಯಾರ್ಥಿಗಳು ನಮ್ಮ ಶಾಲೆಯಲ್ಲಿ ಹೆಚ್ಚು. ಹತ್ತು ಅಡಿಯ ಕೋಣೆಯಲ್ಲಿ ಆರು ಜನ ಇರುವ ಮನೆಯಿಂದ ಬರುವವರಿದ್ದಾರೆ. ತಂದೆ ಹೋಟೆಲಿನಲ್ಲಿ, ತಾಯಿ ನಾಲ್ಕು ಮನೆಗಳ ಅಡಿಗೆಯಲ್ಲಿ. ಊರಿಗೆ ಹೋಗುವುದೇ ಎರಡು ವರ್ಷಕ್ಕೊಮ್ಮೆ. ಇವರಿಗೆ ನಿರ್ಜನ ದಂಡೆ ಎಲ್ಲಿಂದ ಬರಬೇಕು? ಇವರಿಗಾಗಿಯೇ ನಾವು ಪುಸ್ತಕದ ಮಾತನ್ನು ಇಷ್ಟು ಹಟದಿಂದ ಎತ್ತುತ್ತಿದ್ದೇವೆ.

ಕಳೆದ ವರ್ಷ ನಗರದಲ್ಲಿ ಮುಚ್ಚಿಹೋದ ಒಂದು ಕನ್ನಡ ರಾತ್ರಿಶಾಲೆಯ ಪುಸ್ತಕಗಳು ಮೂರು ಗೋಣಿಚೀಲಗಳಲ್ಲಿ ನಮ್ಮ ಶಾಲೆಗೆ ಬಂದವು. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು ರಾತ್ರಿ ಓದಲು ಬರುತ್ತಿದ್ದ ಕರಾವಳಿಯ ಹುಡುಗರಿಗಾಗಿ ಮುಂಬಯಿಯಲ್ಲಿ ಇಂಥ ಶಾಲೆಗಳು ಒಂದು ಕಾಲದಲ್ಲಿ ಅನೇಕವಿದ್ದವು. ಧೂಳು ಕೊಡವುತ್ತ ಕುಳಿತಾಗ ಒಂದು ಪುಸ್ತಕದ ಕೊನೆಯ ರಟ್ಟಿಗೆ ಅಂಟಿಸಿದ ಚೀಟಿ ಕಣ್ಣಿಗೆ ಬಿತ್ತು. ತೆಗೆದುಕೊಂಡ ತಾರೀಖು, ಮರಳಿಸಿದ ತಾರೀಖು, ರುಜು. 1961ರಿಂದ 1968ರವರೆಗೆ ಹತ್ತೊಂಬತ್ತು ರುಜುಗಳು. ಮೊದಲಿನ ಕೆಲವು ಅಂಕುಡೊಂಕು, ಬರೆಯಲು ಈಗಷ್ಟೇ ಕಲಿತವರವು. ಒಂದು ರುಜು ನಾಲ್ಕು ಸಲ ಬಂದಿದೆ. ನಾಲ್ಕನೆಯ ಸಲಕ್ಕೆ ಅಕ್ಷರ ಮುತ್ತಿನಂತಾಗಿದೆ. ನಡುವಿನ ಒಂದು ಪುಟದಲ್ಲಿ ಚಹಾದ ಬಟ್ಟಲಿನ ದುಂಡು ಕಲೆ. ಆ ಹುಡುಗ ಯಾರೋ, ಯಾವ ಅಡಿಗೆಮನೆಯ ಹಿಂದಿನ ಅಟ್ಟದಲ್ಲಿ, ಎಷ್ಟು ಹೊತ್ತಿಗೆ ಓದಿದನೋ! ಊರ ದಂಡೆಯನ್ನು ಬಿಟ್ಟು, ಹಡಗನ್ನೋ ಮೋಟಾರನ್ನೋ ಹತ್ತಿ ಬಂದ ಅವನಿಗೆ ಈ ಮಹಾನಗರದಲ್ಲಿ ತನ್ನದೇ ಎನ್ನಲು ಮಲಗುವಷ್ಟು ಜಾಗವೂ ಇರಲಿಲ್ಲವೇನೋ. ಆದರೆ ನಾಲ್ಕು ಸಲ, ಒಂದೊಂದು ಸಲ ಹದಿನೈದು ದಿನ, ಅವನಿಗೆ ಹೋಗಲು ಒಂದು ಜಾಗವಿತ್ತು. ಅಲ್ಲಿ ಯಾರೂ ಅವನನ್ನು ‘ಏ ಮಾಣಿ’ ಎಂದು ಕೂಗುತ್ತಿರಲಿಲ್ಲ.

ಹನೇಹಳ್ಳಿಯಿಂದ ಬಂದ ಯಶವಂತ ಚಿತ್ತಾಲರು ಬಾಂದ್ರಾದ ಕಡಲಂಚಿನ ಮನೆಯಲ್ಲಿ ಹಲವು ದಶಕ ವಾಸಿಸಿ, ಎದುರಿಗೆ ಮುಂಬಯಿಯ ಸಮುದ್ರವಿರಲು ತಮ್ಮ ಊರಿನ ಕತೆಗಳನ್ನು ಮತ್ತೆ ಮತ್ತೆ ಬರೆದರು. ಅವನ್ನು ಓದಿದವರಿಗೆ ಹನೇಹಳ್ಳಿಗೆ ಹೋಗಲು ರೈಲಿನ ಚೀಟಿ ಬೇಕಾಗಲಿಲ್ಲ. ನಮ್ಮ ಶಾಲೆಯ ಕಪಾಟಿನಲ್ಲಿ ಅವರ ನಾಲ್ಕು ಪುಸ್ತಕಗಳಿವೆ. ಹತ್ತಿರದ ವರ್ಷಗಳಲ್ಲಿ ಅವುಗಳ ಚೀಟಿಯ ಮೇಲೆ ಒಂದೂ ರುಜು ಬಿದ್ದಿಲ್ಲ. ಕನ್ನಡ ಮಾಧ್ಯಮಕ್ಕೆ ಬರುವ ಮಕ್ಕಳೇ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವಾಗ ಕಪಾಟಿನ ಗತಿ ಬೇರೆಯಾಗುವುದು ಹೇಗೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಆ ಕೋಣೆಯನ್ನು ಬೇರೆ ಉಪಯೋಗಕ್ಕೆ ಕೊಡಬಹುದೆಂಬ ಮಾತೂ ಶಿಕ್ಷಕರ ಕೋಣೆಯಲ್ಲಿ ಎರಡು ಸಲ ಬಂದಿದೆ. ಮಾತು ತಪ್ಪೆಂದು ನಾವು ಹೇಳಲಾರೆವು. ಜಾಗದ ಅಭಾವ ಯಾರಿಗೆ ತಿಳಿಯದು? ಓದುವವರಿಲ್ಲದ ಪುಸ್ತಕಕ್ಕೆ ಕೋಣೆ ಬೇಕೆಂದು ವಾದಿಸುವುದು ಕಷ್ಟ. ಓದುವವರು ಐದು ಜನರಾದರೂ ಇದ್ದರೆ ವಾದಿಸುವ ಕೆಲಸ ನಮ್ಮದು.

ಬರುವ ಜನವರಿಯ ಕೊನೆಯ ಶನಿವಾರ ಒಂಬತ್ತನೆಯ ಇಯತ್ತೆಯನ್ನು ಕಿಹೀಮಿಗೆ ಕರೆದೊಯ್ಯಲು ಮುಖ್ಯಾಧ್ಯಾಪಕರ ಅಪ್ಪಣೆ ದೊರೆತಿದೆ. ದೋಣಿಯ ಖರ್ಚನ್ನು ಕೊಡಲಾಗದವರು ನಮಗೆ ಪ್ರತ್ಯೇಕವಾಗಿ ಹೇಳಬೇಕು. ಪ್ರತಿಯೊಬ್ಬರೂ ಕಪಾಟಿನಿಂದ ಒಂದು ಪುಸ್ತಕ ತರಬೇಕು, ಅದು ನೀರಿಗೆ ಹೋಗದಂತೆ ನೋಡಿಕೊಳ್ಳಬೇಕು. ಹೋದರೆ ಮುಂಬಯಿಯಲ್ಲಿ ಗೇರುಬೀಜ ಹೆಕ್ಕುವುದು ಕಷ್ಟ. ಫೋನುಗಳ ವಿಷಯದಲ್ಲಿ ಪಾಲಕರೊಡನೆ ಇನ್ನೂ ಚರ್ಚೆ ನಡೆದಿದೆ. ಒಂದು ಫೋನು ನಮ್ಮ ಬಳಿ ಇದ್ದರೆ ಸಾಕೆಂದು ನಾವು, ಸಾಲದೆಂದು ತಾಯಂದಿರು.

ಕಪಾಟಿನ ಬೀಗದ ಕೈ ನಮ್ಮಲ್ಲಿದೆ. ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ತಾಸು ತೆರೆದಿರುತ್ತೇವೆ. ಬೇಸರದ ವಹಿ ಬರೆದ ಬಾಲಕ ಕಳೆದ ತಿಂಗಳು ಬಂದು, ಬಹಳ ಹೊತ್ತು ನಿಂತು, ಆ ಚಹಾದ ಕಲೆಯ ಪುಸ್ತಕವನ್ನೇ ಒಯ್ದಿದ್ದಾನೆ. ಇಪ್ಪತ್ತನೆಯ ರುಜು ಅವನದು. ಮರಳಿಸುವ ಅವಧಿ ಮೀರಿ ಒಂಬತ್ತು ದಿನಗಳಾದವು. ನಾವು ಇನ್ನೂ ಕೇಳಿಲ್ಲ.